ಟ್ಯಾಪೆಟ್ಟೋ, ಟೈಮಿಂಗ್ ಚೈನೋ?

ರಜೆಗೆ ಕಿರಂಗೂರಿಗೆ ಹೋದಾಗ ಅಪ್ಪನ ನೂರು ಸಿಸಿ ಬೈಕು ಬರ್ತಿರೋದು ಬೀದಿ ಆ ತುದಿಯಿಂದಲೇ ಗೊತ್ತಾಗ್ತಿತ್ತು. ಸದ್ದು ಹಾಲಿನ ಕ್ಯಾನಿಂದಲ್ಲ, ಇಂಜಿನ್ನಿಂದಲೇ. ನಮ್ಮನೇಲಿ ಡೈರಿಗೆ ಹಾಲು, ಗದ್ದೆಗೆ ಗೊಬ್ಬರ ಎಲ್ಲಾ ಹೋಗೋದು ಅದೊಂದೇ ಗಾಡೀಲಿ. ಗ್ಯಾರೇಜಿನಲ್ಲಿ ತೋರಿಸಿದ್ದಕ್ಕೆ "ಟ್ಯಾಪೆಟ್ ಸೌಂಡು ಕಣಣ್ಣ" ಅಂತ ಟೈಟ್ ಮಾಡಿ ಕಳಿಸಿದ್ದರಂತೆ. ಸದ್ದು ಸ್ವಲ್ಪ ಕಮ್ಮಿಯಾಯ್ತು. ಆದ್ರೆ ಇಂಜಿನ್ ಬಿಸಿಯಾಗಿ ಒಮ್ಮೆ ಆಫ್ ಆದ್ರೆ ಕಿಕ್ ಹೊಡೆದು ಹೊಡೆದು ಸಾಕಾಗ್ತಿತ್ತು. ಮತ್ತೆ ಹೋದಾಗ "ಬೋರ್ ಕೆಲಸ, ಇಂಜಿನ್ ಇಳಿಸಬೇಕು" ಅಂದರಂತೆ. ಅಪ್ಪ ಗಾಡಿ ಮಾರೋ ಮಾತಾಡ್ತಿದ್ರು.

ಫೋರ್ ಸ್ಟ್ರೋಕ್ ಇಂಜಿನ್ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. 6000 ಆರ್‌ಪಿಎಂನಲ್ಲಿ ಕ್ಯಾಮ್ 3000. ನಮ್ಮ ಬೈಕುಗಳಲ್ಲಿ ಹೆಚ್ಚಾಗಿ ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳೋದು ಟೈಮಿಂಗ್ ಚೈನು. ಓಡಿ ಓಡಿ ಅದರ ಪಿನ್ನು, ಬುಷ್ಷು ಸವೆದು ಚೈನು ಉದ್ದವಾಗುತ್ತೆ. ಆ ಸಡಿಲವನ್ನ ಎಳೆದು ಹಿಡಿಯೋಕೆ ಸ್ಪ್ರಿಂಗ್ ಇರೋ ಟೆನ್ಷನರ್ ಇದೆ. ಅದು ಸಿಕ್ಕಿಕೊಂಡರೆ, ಅಥವಾ ಚೈನು ಅದರ ಕೈಗೆ ಸಿಗದಷ್ಟು ಸವೆದರೆ, ಚೈನು ಗೈಡಿಗೂ ಗೋಡೆಗೂ ಬಡಿಯುತ್ತೆ.

ಟ್ಯಾಪೆಟ್ ಸದ್ದು ಟಿಕ್ ಟಿಕ್ ಅಂತ ಗಡಿಯಾರದ ಥರ, ಹೆಡ್ಡಿನ ಮೇಲಿಂದ ಬರುತ್ತೆ, ಎಣಿಸಬಹುದು. ಚೈನಿನ ಸದ್ದು ಎಣಿಕೆಗೆ ಸಿಗಲ್ಲ. ಬೆಳಗ್ಗೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದಾಗ, ಆಮೇಲೆ ಆಕ್ಸಿಲರೇಟರ್ ಬಿಟ್ಟ ತಕ್ಷಣ, ಬ್ಲಾಕಿನ ಪಕ್ಕದಿಂದ ಗಲಗಲ ಅನ್ನುತ್ತೆ. ಉದ್ದದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟರೆ ಜಾಗ ಗೊತ್ತಾಗುತ್ತೆ. ಅಮ್ಮ ನಾನು ಗಾಡಿ ಮೇಲೆ ಕಿವಿ ಇಟ್ಟು ಕೂತಿದ್ದು ನೋಡಿ ನಕ್ಕಿದ್ದೇ ನಕ್ಕಿದ್ದು.

ಹಾಗಾದ್ರೆ ಟ್ಯಾಪೆಟ್ ಟೈಟ್ ಮಾಡಿದ್ದಕ್ಕೆ ಸದ್ದು ಕಮ್ಮಿಯಾಗಿದ್ದು ಯಾಕೆ? ಎರಡು ಸದ್ದಿನಲ್ಲಿ ಒಂದು ಹೋಯ್ತು, ಅಷ್ಟೇ. ಬದಲಿಗೆ ಹೊಸ ತೊಂದರೆ ಬಂತು. ಬಿಸಿಯಾದಾಗ ವಾಲ್ವ್ ಹಿಗ್ಗುತ್ತೆ, ಅದಕ್ಕೇ ಟ್ಯಾಪೆಟ್ಟಿನಲ್ಲಿ ಕೂದಲೆಳೆಯಷ್ಟು ಗ್ಯಾಪ್ ಬಿಡೋದು. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ, ಹೀಗೇ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟೂ ಹೋಗುತ್ತೆ. ಅಪ್ಪನ ಗಾಡಿ ಬಿಸಿಯಲ್ಲಿ ಸ್ಟಾರ್ಟ್ ಆಗದೆ ಇದ್ದದ್ದು ಇದಕ್ಕೇ.

ಇದನ್ನೆಲ್ಲಾ ಹೇಳ್ತಿದ್ರೆ ಪಕ್ಕದ ಮನೆ ದೊಡ್ಡಪ್ಪ, "ನಮ್ಮ ಯೆಜ್ಡಿಗೆ ಈ ಕಾಟವೇ ಇರ್ಲಿಲ್ಲ ಕಣ್ಲಾ" ಅಂದ್ರು. ಮಾತು ನಿಜ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮಾಡ್ತಿದ್ದ ಟೂ ಸ್ಟ್ರೋಕ್ ಗಾಡಿಗಳಲ್ಲಿ ಕ್ಯಾಮೂ ಇಲ್ಲ, ಈ ವಾಲ್ವೂ ಇಲ್ಲ, ಪಿಸ್ಟನ್ನೇ ಪೋರ್ಟುಗಳನ್ನ ತೆಗೆದು ಮುಚ್ಚುತ್ತೆ. ಅದರಲ್ಲಿ ಕ್ರ್ಯಾಂಕಿನಿಂದ ಕ್ಲಚ್ಚಿಗೆ ಪ್ರೈಮರಿ ಚೈನ್ ಇತ್ತು, ಅದೂ ಸವೆದರೆ ಸದ್ದು ಮಾಡ್ತಿತ್ತು ಅಂತ ನಾನು ಹೇಳೋಕೆ ಹೋಗ್ಲಿಲ್ಲ.

ಮೊದಲು ಆಯಿಲ್ ನೋಡಿದೆ. ಡಿಪ್‌ಸ್ಟಿಕ್ಕಿನ ತುದಿಗೂ ಅಂಟಲಿಲ್ಲ! ಚೈನು ಸವೆಯೋಕೆ ಬೇರೆ ಕಾರಣ ಹುಡುಕಬೇಕಾ? ಹೊಸ ಆಯಿಲ್ ಹಾಕಿದರೂ ಸದ್ದು ಹೋಗಲಿಲ್ಲ.

ಮೆಕ್ಯಾನಿಕ್ ಕೆಲಸ ಗೊತ್ತಿರೋ ಚಿಕ್ಕಪ್ಪನ ಮಗನ ಜೊತೆ ಕೂತು ಬಿಚ್ಚಿದ್ವಿ. ಕೈ ಹಾಕೋರು ಇಲ್ಲಿ ಹುಷಾರು. ಕಂಪ್ರೆಷನ್ ಸ್ಟ್ರೋಕಿನ ಕೊನೆಗೆ ಪಿಸ್ಟನ್ ಮೇಲೆ ಬಂದಾಗ ಟಿ ಗುರುತನ್ನ ಹೊಂದಿಸಿಕೊಳ್ಳಿ. ಟೆನ್ಷನರ್ ತೆಗೆದ ಮೇಲೆ ಕಿಕ್ಕರ್ ಮುಟ್ಟಬೇಡಿ. ಚೈನು ಹಲ್ಲು ಹಾರಿದರೆ ಟೈಮಿಂಗ್ ಕೆಡುತ್ತೆ, ಜಾಸ್ತಿ ಹಾರಿದರೆ ವಾಲ್ವಿಗೆ ಪಿಸ್ಟನ್ ಹೊಡೆಯಬಹುದು. ಚೈನಿಗೆ ತಂತಿ ಕಟ್ಟಿಡಿ, ಇಲ್ಲಾಂದ್ರೆ ಒಳಗೆ ಬೀಳುತ್ತೆ. ರ‍್ಯಾಚೆಟ್ ಇರೋ ಟೆನ್ಷನರ್ ಆದ್ರೆ ಅದರ ಪ್ಲಂಜರ್ ಒಳಗೆ ಎಳೆದು ಲಾಕ್ ಮಾಡಿಯೇ ಕೂರಿಸಬೇಕು. ಬೋಲ್ಟ್ ಸಡಿಲ ಮಾಡಿ "ನೋಡೋಣ" ಅಂತ ಹಾಗೇ ಟೈಟ್ ಮಾಡಿದರೆ ಚೈನು ಅತಿಯಾಗಿ ಬಿಗಿಯಾಗುತ್ತೆ.

ನಮ್ಮ ಗಾಡಿಯಲ್ಲಿ ಗೈಡು ಗುಂಡಿ ಬಿದ್ದಿತ್ತು. ಚೈನು, ಸ್ಪ್ರಾಕೆಟ್, ಗೈಡು, ಟೆನ್ಷನರ್ ಒಟ್ಟಿಗೇ ಬದಲಾಯಿಸಿದ್ವಿ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನು ಹಾಕಿದರೆ ಬೇಗ ಹಾಳು. ತಣ್ಣಗಿದ್ದಾಗ ಫೀಲರ್ ಗೇಜ್ ಇಟ್ಟು ಟ್ಯಾಪೆಟ್ ಗ್ಯಾಪ್ ಮತ್ತೆ ಬಿಟ್ವಿ. ಎರಡನೇ ಕಿಕ್ಕಿಗೇ ಸ್ಟಾರ್ಟ್. ಪುಣ್ಯಕ್ಕೆ ವಾಲ್ವ್ ಸುಟ್ಟಿರಲಿಲ್ಲ, ಬೋರ್ ಮುಟ್ಟಲೇ ಇಲ್ಲ.

ಮರುದಿನ ಬೆಳಗ್ಗೆ ಅಪ್ಪ ಡೈರಿಗೆ ಹೋಗಿದ್ದೇ ಅಮ್ಮನಿಗೆ ಗೊತ್ತಾಗ್ಲಿಲ್ಲ. ಗಾಡಿ ಮಾರೋ ಮಾತು ಈಗಿಲ್ಲ. ಡಿಪ್‌ಸ್ಟಿಕ್ ನೋಡೋಕೆ ಮಾತ್ರ ನಾನೇ ಹಾಸ್ಟೆಲಿನಿಂದ ಫೋನ್ ಮಾಡಬೇಕು.