ಯಾವ ಪಾಟೀಲರಿಗೆ ಯಾವ ಗುಳಿಗಿ?

ಬೆಳಗಾವಿಯ ಯಾವುದಾದರೂ ನರ್ಸಿಂಗ್ ಹೋಮಿನ ಜನರಲ್ ವಾರ್ಡಿಗೆ ಹೋಗಿ ‘ಪಾಟೀಲ್ರೇ’ ಅಂತ ಒಂದು ಸಲ ಕರೆದು ನೋಡಿ. ಇಬ್ಬರಾದರೂ ತಿರುಗಿ ನೋಡ್ತಾರೆ. ಒಬ್ಬರು ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯವರು, ಮನೆಮಾತು ಮರಾಠಿ. ಇನ್ನೊಬ್ಬರು ಬೈಲಹೊಂಗಲದವರು. ಒಬ್ಬರಿಗೆ ಶುಗರ್ ಇದೆ, ಇನ್ನೊಬ್ಬರಿಗಿಲ್ಲ. ರಾತ್ರಿ ಪಾಳಿಯ ಸಿಸ್ಟರ್ ಬಂದು ‘ಪಾಟೀಲ್ ಕಾಕಾ, ಸೂಜಿ’ ಅಂದರೆ ನಿದ್ದೆಗಣ್ಣಲ್ಲಿ ಯಾರು ಬೇಕಾದರೂ ‘ಹೂಂ’ ಅಂದುಬಿಡ್ತಾರೆ. ಇನ್ಸುಲಿನ್ ಬೇಡದ ಮೈಗೆ ಇನ್ಸುಲಿನ್ ಹೋಗೋದಕ್ಕೆ ಆ ಒಂದು ‘ಹೂಂ’ ಸಾಕು.

ನಾನು ಓದಿದ್ದು ಎಂಜಿನಿಯರಿಂಗ್. ಒಂದು ಸಂದೇಶ ಎಷ್ಟು ಕೈ ದಾಟುತ್ತೋ ಅಷ್ಟು ಕಡೆ ಕೆಡಬಹುದು ಅಂತ ನಮಗೆ ಮೊದಲು ಹೇಳಿಕೊಡ್ತಾರೆ. ಈಗ ಔಷಧದ ಆರ್ಡರ್ ಹೇಗೆ ಸಾಗುತ್ತೆ ನೋಡಿ. ದೊಡ್ಡ ಡಾಕ್ಟರು ರೌಂಡ್ಸಿನಲ್ಲಿ ಬಾಯಲ್ಲಿ ಹೇಳ್ತಾರೆ. ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ಬರೀತಾರೆ. ಸಿಸ್ಟರ್ ಅದನ್ನ ಚಾರ್ಟಿಗೆ ಇಳಿಸ್ತಾರೆ. ಚೀಟಿ ನಿಮ್ಮ ಕೈಗೆ ಬರುತ್ತೆ, ನೀವು ಕೆಳಗಿನ ಮೆಡಿಕಲ್ ಶಾಪಿಗೆ ಓಡ್ತೀರಿ. ಅಲ್ಲಿ ‘ಆ ಕಂಪನಿದು ಇಲ್ಲ, ಇದು ಸೇಮ್’ ಅಂತ ಬೇರೆ ಡಬ್ಬಿ ಕೊಡ್ತಾರೆ. ಕೊನೆಗೆ ಪಾಳಿ ಬದಲಾಗಿ, ಬೆಳಿಗ್ಗೆ ಈ ಯಾವ ಮಾತನ್ನೂ ಕೇಳದ ಇನ್ನೊಬ್ಬ ಸಿಸ್ಟರ್ ಆ ಔಷಧ ಕೊಡ್ತಾರೆ. ಎಷ್ಟು ಕೈ ಆಯ್ತು?

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. 2002ರಲ್ಲಿ ಅಮೆರಿಕದ 36 ಆಸ್ಪತ್ರೆ ಮತ್ತು ನರ್ಸಿಂಗ್ ಕೇಂದ್ರಗಳಲ್ಲಿ ಪಕ್ಕದಲ್ಲೇ ನಿಂತು ಗಮನಿಸಿದ ಒಂದು ಅಧ್ಯಯನ ಪ್ರಕಟವಾಯ್ತು. ಕೊಟ್ಟ ಡೋಸುಗಳಲ್ಲಿ ಶೇ. 19ರಷ್ಟು ತಪ್ಪು! ಅದರಲ್ಲಿ ಹೆಚ್ಚಿನವು ಹೊತ್ತು ತಪ್ಪಿದ್ದು, ಡೋಸ್ ಬಿಟ್ಟುಹೋಗಿದ್ದು. ಅಪಾಯ ತರಬಹುದಾದವು ಶೇ. 7. ಅಲ್ಲಿ ನರ್ಸಿಂಗ್ ಹೋಮ್ ಅಂದರೆ ವೃದ್ಧರನ್ನ ನೋಡಿಕೊಳ್ಳುವ ಮನೆ. ನಮ್ಮಲ್ಲಿ ಹೆರಿಗೆಯಿಂದ ಹಾರ್ಟಿನವರೆಗೆ ಎಲ್ಲಾ ನಡೆಯುವ ಸಣ್ಣ ಖಾಸಗಿ ಆಸ್ಪತ್ರೆ.

ಇನ್ಸುಲಿನ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಮನೆಯಲ್ಲೂ ಇದೇ ತಪ್ಪು ಆಗುತ್ತೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗೋದು ಎರಡು ಸಾಂದ್ರತೆಯ ಇನ್ಸುಲಿನ್, ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ನಲವತ್ತರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜು, ನೂರರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ನೂರರ ಔಷಧವನ್ನ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಹೋಗೋದು ಎರಡೂವರೆ ಪಟ್ಟು. ಇದರ ಮೇಲೆ ಡಾಕ್ಟರು ಅಂಕಿಯ ಪಕ್ಕ ಯೂನಿಟ್ ಅಂತ ಪೂರ್ತಿ ಬರೆಯದೆ ಇಂಗ್ಲಿಷಿನ ‘ಯು’ ಅಕ್ಷರ ಅಂಟಿಸಿಬಿಟ್ಟರೆ ಅದು ಸೊನ್ನೆಯ ಹಾಗೆ ಕಾಣುತ್ತೆ. ನಾಲ್ಕು ಯೂನಿಟ್ ನಲವತ್ತಾಗುತ್ತೆ.

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡ್ತೀನಿ. ಅಜ್ಜನನ್ನ ಒಂದು ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಾಗ ಚೀಟಿಯಲ್ಲಿ ಹೊಸ ಬಿಪಿ ಗುಳಿಗಿ ಇತ್ತು. ಹಳೇದು ಮನೆಯಲ್ಲಿತ್ತು. ಎರಡರ ಬ್ರ್ಯಾಂಡ್ ಹೆಸರು ಬೇರೆ, ಒಳಗಿನ ಔಷಧ ಒಂದೇ. ಹಳೇದನ್ನ ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾಲ್ಕನೇ ದಿನ ಅಜ್ಜ ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಕೂತುಬಿಟ್ಟರು. ಜೆನೆರಿಕ್ ಹೆಸರಿನಲ್ಲಿ, ಓದಲು ಬರುವ ಹಾಗೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಿರಿ ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ನಿಮ್ಮ ಕೊನೆಯ ಚೀಟಿ ತೆಗೆದು ನೋಡಿ, ಹಾಗಿದೆಯಾ?

ಬೆಳಗಾವಿ ಜಿಲ್ಲೆ 2022ರ ಜನವರಿಯನ್ನ ಮರೆಯಬಾರದು. ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ನಂತರ ಮೂರು ಎಳೆಯ ಮಕ್ಕಳು ತೀರಿಕೊಂಡವು. ಲಸಿಕೆಯನ್ನ ಹೋಟೆಲಿನ ಫ್ರಿಜ್ಜಿನಲ್ಲಿ ಇಡಲಾಗಿತ್ತು ಅನ್ನೋ ಮಾತು ಆಗ ಅಧಿಕಾರಿಗಳಿಂದಲೇ ಬಂತು. ಈ ಲಸಿಕೆಯ ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆ ಮಾತ್ರ ಬಾಳಿಕೆ. ಉಳಿದರೆ ಎಸೆಯಬೇಕು, ನಾಳೆಗೆ ಇಡೋ ಹಾಗಿಲ್ಲ. ಆಗ ಕೆಳಗಿನ ಸಿಬ್ಬಂದಿ ಸಸ್ಪೆಂಡ್ ಆದರು. ಆದರೆ ಆ ನರ್ಸ್ ಕೈಗೆ ಸರಿಯಾದ ಕೋಲ್ಡ್ ಬಾಕ್ಸ್, ಓಡಾಡಲು ಗಾಡಿ, ಮೇಲೊಬ್ಬ ಕೇಳುವವರು ಇದ್ದರಾ? ನಾನು ಅವತ್ತೂ ಇದನ್ನೇ ಕೇಳಿದ್ದೆ.

ನರ್ಸುಗಳನ್ನ ಬೈಯೋದು ಸುಲಭ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆ ಮೇರೆಗೆ ಕೇಂದ್ರದ ಸಮಿತಿ ಹೇಳಿತು: 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕು. ಕೈಗೆ ಎಷ್ಟು ಬರುತ್ತೆ ಅಂತ ನಿಮಗೆ ಪರಿಚಯದ ಸಿಸ್ಟರ್ ಒಬ್ಬರನ್ನ ಕೇಳಿ. ಮೂರು ವರ್ಷ ಜಿಎನ್‌ಎಂ ಓದಿದವರನ್ನ ಆ ಸಂಬಳ ಕೊಟ್ಟು ಇಟ್ಟುಕೊಳ್ಳದೆ, ಬಿಳಿ ಕೋಟು ಹಾಕಿಸಿ ಕೆಲಸ ಕಲಿಯುವ ಹುಡುಗಿಯರನ್ನ ರಾತ್ರಿ ಪಾಳಿಗೆ ನಿಲ್ಲಿಸಿದರೆ ಆ ಪಾಟೀಲ್ ಕಾಕಾನ ಗತಿ ಏನು?

ಖಾನಾಪುರದ ಕಾಡಂಚಿನ ಹಳ್ಳಿಗಳವರಿಗೆ ಇದು ಇನ್ನೂ ಕಷ್ಟ. ಮಳೆಗಾಲದಲ್ಲಿ ರೋಗಿಯನ್ನ ಕಂಬಳಿ ಕಟ್ಟಿದ ಬಡಿಗೆಯ ಮೇಲೆ ಹೊತ್ತು ತರುವ ಊರುಗಳಿವೆ. ಅಷ್ಟು ಪಾಡುಪಟ್ಟು ಬಂದವರು ಡಿಸ್ಚಾರ್ಜ್ ದಿನ ಬಸ್ಸಿಗೆ ಹೊತ್ತಾಯ್ತು ಅಂತ ಚೀಟಿ ಮಡಚಿ ಕಿಸೆಗೆ ಹಾಕ್ಕೊಂಡು ಹೊರಡ್ತಾರೆ. ಮರಳಿ ಬಂದು ಕೇಳೋದು ಮತ್ತೊಂದು ದಿನದ ಕೂಲಿ.

ಹಾಗಾಗಿ ಹೊರಡುವ ಮೊದಲೇ ಕೇಳಿ. ಮನೆಯಲ್ಲಿರುವ ಹಳೇ ಗುಳಿಗಿಗಳನ್ನೆಲ್ಲ ಚೀಲದಲ್ಲಿ ಹಾಕಿ ತಂದು ಸಿಸ್ಟರ್ ಮುಂದೆ ಸುರಿಯಿರಿ: ಯಾವುದು ನಿಲ್ಲಿಸಬೇಕು, ಯಾವುದು ಇರಲಿ? ಅವರು ಹೇಳಿದ್ದನ್ನ ನಿಮ್ಮ ಭಾಷೆಯಲ್ಲಿ ತಿರುಗಿ ಅವರಿಗೇ ಹೇಳಿ, ಕನ್ನಡವೋ ಮರಾಠಿಯೋ. ಸೂಜಿ ಹಿಡಿದು ಬಂದವರಿಗೆ ಹೆಸರಿನ ಜೊತೆ ಊರು, ವಯಸ್ಸು ಹೇಳಿ; ಯಾವ ಔಷಧ ಅಂತ ಕೇಳಿ. ಸಿಟ್ಟಾದರೆ ಆಗಲಿ ಬಿಡಿ. ತಪ್ಪು ಆಗಿಯೇ ಬಿಟ್ಟಿದ್ದರೆ, ಖಾಸಗಿ ಆಸ್ಪತ್ರೆಗಳ ಕಾಯ್ದೆ ಪ್ರಕಾರ ದೂರು ಕೇಳುವ ಜಿಲ್ಲಾ ಪ್ರಾಧಿಕಾರ ಇದೆ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಸದಸ್ಯ ಕಾರ್ಯದರ್ಶಿ ಜಿಲ್ಲಾ ಆರೋಗ್ಯ ಅಧಿಕಾರಿ. ಹೋಗುವಾಗ ಕೇಸ್ ಶೀಟಿನ ನಕಲು ಮತ್ತು ಆ ಚೀಟಿ ಕೈಯಲ್ಲಿರಲಿ.