ಟೆಕ್ಸಾಸಿನ ಕಾಡುಹೂವಿನ ತೋಟ: ನಮ್ಮ ಬದುವಿಗೊಂದು ಪಾಠ



ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ತಂಗಡಿ, ತುಂಬೆ, ಎಕ್ಕ, ಕಾರೆ, ಕವಳಿ ಗಿಡಗಳನ್ನು ನಾವು ಕಳೆಯ ಲೆಕ್ಕಕ್ಕೇ ಸೇರಿಸುತ್ತೇವೆ. ಬೇಸಿಗೆ ಬಂದರೆ ಸವರಿ ಬೆಂಕಿ ಇಡುತ್ತೇವೆ. ಈಚೆಗೆ ಕಳೆನಾಶಕ ಹೊಡೆದು ಬದುವನ್ನು ಬೋಳು ಮಾಡುವವರೂ ಹೆಚ್ಚಾಗಿದ್ದಾರೆ. ಇಂಥ ಕಾಡುಗಿಡಗಳನ್ನೇ ಬಿತ್ತಿ ಬೆಳೆಸಿ ಜನರಿಗೆ ತೋರಿಸುವ ತೋಟವೊಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿದೆ. ಅಲ್ಲಿ ಕಾಣಸಿಗುವ ಕೆಲವು ಸಂಗತಿಗಳು ನಮ್ಮ ಬೆಳೆಗೂ ಸಂಬಂಧಪಟ್ಟಿರುವುದರಿಂದ ಅವನ್ನು ತಮ್ಮ ಮುಂದಿಡುತ್ತಿದ್ದೇನೆ.

ತೋಟದ ಹಿನ್ನೆಲೆ

ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಜಾನ್ಸನ್, ನಟಿ ಹೆಲೆನ್ ಹೇಯ್ಸ್ ಅವರ ಜೊತೆಗೂಡಿ 1982ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. 1995ರಲ್ಲಿ ಅದು ಈಗಿನ ಜಾಗಕ್ಕೆ ಬಂತು. 2006ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಅಂಗವಾಯಿತು. ಈಗ ಅದರ ವಿಸ್ತೀರ್ಣ ಸುಮಾರು 284 ಎಕರೆ. ಅದು ಸಂಶೋಧನಾ ಕೇಂದ್ರವೂ ಹೌದು, ಸಾರ್ವಜನಿಕರು ನೋಡುವ ತೋಟವೂ ಹೌದು.

ಅಲ್ಲಿ ವರ್ಷಕ್ಕೆ ಸುಮಾರು 35 ಅಂಗುಲ ಮಳೆ ಬೀಳುತ್ತದೆ; ಬೆಂಗಳೂರಿನ ಸುತ್ತಿನ ಮಳೆಗಿಂತ ತುಸು ಕಡಿಮೆ. ಮಣ್ಣು ತೆಳು, ಅಡಿಯಲ್ಲಿ ಸುಣ್ಣಕಲ್ಲು, ಬೇಸಿಗೆಯ ಬಿಸಿಲು ಕಡು. ಆದ್ದರಿಂದ ಆ ನೆಲದಲ್ಲೇ ಹುಟ್ಟಿ ಆ ಮಳೆಗೆ ಒಗ್ಗಿದ ಗಿಡಗಳಿಗೇ ತೋಟದಲ್ಲಿ ಮೊದಲ ಸ್ಥಾನ. ಸೂರಿನ ಮಳೆನೀರನ್ನೂ ತೊಟ್ಟಿಗಳಲ್ಲಿ ಹಿಡಿದು ಬಳಸುತ್ತಾರೆ.

ಹೂವಿನ ಹಿಂದಿನ ಲೆಕ್ಕ

ಮಾರ್ಚ್–ಏಪ್ರಿಲ್‌ನಲ್ಲಿ ಅಲ್ಲಿನ ಬಯಲೆಲ್ಲ ಬ್ಲೂಬಾನೆಟ್ ಎಂಬ ನೀಲಿ ಹೂವಿನಿಂದ ತುಂಬುತ್ತದೆ. ಇದು ನಮ್ಮ ಹುರುಳಿ, ಸೆಣಬಿನಂತೆ ದ್ವಿದಳ ಜಾತಿಯ ಗಿಡ. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಡುತ್ತದೆ. ಹೂವು ಬಾಡಿದ ಕೂಡಲೇ ಅದನ್ನು ಕೊಯ್ಯುವುದಿಲ್ಲ. ಕಾಯಿ ಬಲಿತು ಬೀಜ ಉದುರಿದ ಮೇಲೆಯೇ ಕೊಯ್ಲು. ಹಾಗಾಗಿ ಮುಂದಿನ ವರ್ಷದ ಬೀಜ ನೆಲದಲ್ಲೇ ಉಳಿಯುತ್ತದೆ.

ದಾಸವಾಳದ ಬಳಗಕ್ಕೆ ಸೇರಿದ ಕೆಂಪು ಹೂವಿನ ಪೊದೆಯೊಂದಕ್ಕೆ ಹಮ್ಮಿಂಗ್ ಹಕ್ಕಿಗಳು ಮುತ್ತುತ್ತವೆ. ನಮ್ಮ ಸೂರಕ್ಕಿಯಂತೆ ಅವೂ ಮಕರಂದ ಹೀರುವ ಪುಟ್ಟ ಹಕ್ಕಿಗಳು. ಒಣಗಿದ ಕಾಡು ಸೂರ್ಯಕಾಂತಿಯ ತೆನೆಗಳು ಕಾಳು ತಿನ್ನುವ ಗುಬ್ಬಿ ಜಾತಿಯ ಹಕ್ಕಿಗಳಿಗೆ ಆಹಾರ.

ಇದೆಲ್ಲಕ್ಕಿಂತ ಮುಖ್ಯವಾದುದು ಹುಳುವಿನ ಲೆಕ್ಕ. ಕಾಳು ತಿನ್ನುವ ಹಕ್ಕಿಗಳಲ್ಲೂ ಬಹಳಷ್ಟು ತಮ್ಮ ಮರಿಗಳಿಗೆ ಹುಳುವನ್ನೇ ಉಣಿಸುತ್ತವೆ. ಚಿಕಡಿ ಎಂಬ ಪುಟ್ಟ ಹಕ್ಕಿ ಒಂದು ಗೂಡಿನ ಮರಿಗಳನ್ನು ಬೆಳೆಸಿ ಹಾರಿಸಲು 6,000ದಿಂದ 9,000 ಹುಳುಗಳನ್ನು ಹೆಕ್ಕಿ ತರುತ್ತದೆ ಎಂದು ಅಮೆರಿಕದ ಕೀಟಶಾಸ್ತ್ರಜ್ಞ ಡಗ್ಲಾಸ್ ಟಲ್ಲಮಿ ಬರೆದಿದ್ದಾರೆ. ಅಷ್ಟು ಹುಳು ಹುಟ್ಟಲು ಆ ನಾಡಿನದೇ ಗಿಡ ಬೇಕು. ಬೇರೆ ದೇಶದಿಂದ ಬಂದ ಅಲಂಕಾರದ ಗಿಡಗಳನ್ನು ತಿಂದು ಬದುಕಬಲ್ಲ ಹುಳುಗಳು ಬಹಳ ಕಡಿಮೆ.

ಎಕ್ಕದ ನೆಂಟ, ಗೂಬೆಯ ಗೂಡು

ಮೊನಾರ್ಕ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಮೆಕ್ಸಿಕೋದ ಬೆಟ್ಟಗಳಲ್ಲಿ ಚಳಿಗಾಲ ಕಳೆದು, ಟೆಕ್ಸಾಸ್ ದಾಟಿ ಉತ್ತರಕ್ಕೆ ಹೋಗುತ್ತದೆ. ಅದರ ಮರಿಹುಳು ತಿನ್ನುವುದು ಮಿಲ್ಕ್‌ವೀಡ್ ಎಂಬ ಹಾಲುಗಿಡವನ್ನು ಮಾತ್ರ. ಅಲ್ಲಿಯ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕದಿಂದ ಈ ಗಿಡ ನಾಶವಾದುದು ಮೊನಾರ್ಕ್ ಚಿಟ್ಟೆ ಕಡಿಮೆಯಾಗಲು ಒಂದು ಮುಖ್ಯ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಆ ಹಾಲುಗಿಡ ನಮ್ಮ ಎಕ್ಕದ ಕುಟುಂಬಕ್ಕೆ ಸೇರಿದ್ದು. ಮೊನಾರ್ಕ್‌ನ ನೆಂಟನಾದ, ರೆಕ್ಕೆಯ ತುದಿ ಕಪ್ಪಾಗಿರುವ ಕಿತ್ತಳೆ ಚಿಟ್ಟೆ ನಮ್ಮ ಎಕ್ಕದ ಮೇಲೆ ಮೊಟ್ಟೆ ಇಡುವುದನ್ನು ತಾವೂ ನೋಡಬಹುದು.

ಅಲ್ಲಿಯ ತೋಟದ ಬಾಗಿಲ ಬಳಿಯ ಗೋಡೆಗೂಡಿನಲ್ಲಿ ಕೊಂಬುಗೂಬೆಯೊಂದು ಹತ್ತಕ್ಕೂ ಹೆಚ್ಚು ವರ್ಷ ಮರಿ ಮಾಡಿದೆ. ಸಿಬ್ಬಂದಿ ಅದಕ್ಕೆ ಅಥೀನಾ ಎಂದು ಹೆಸರಿಟ್ಟು ಕಾಪಾಡಿದರು. ಜನ ದೂರದಲ್ಲಿ ನಿಂತು ಮರಿಗಳನ್ನು ನೋಡಿದರು. ನಮ್ಮಲ್ಲಿ ಗೂಬೆ ಕೂಗಿದರೆ ಅಪಶಕುನವೆಂದು ಕಲ್ಲೆಸೆಯುವುದುಂಟು. ಆದರೆ ರಾತ್ರಿಯಿಡೀ ಹೊಲದ ಇಲಿ ಹಿಡಿಯುವ ಇಂಥ ಕಾವಲುಗಾರ ಕೂಲಿಗೆ ಸಿಕ್ಕುವುದಿಲ್ಲ. ಭತ್ತ, ಶೇಂಗಾ ಬೆಳೆಯುವವರಿಗೆ ಇಲಿಯ ಹಾವಳಿ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಅಲ್ಲಿಯ ಗಿಡ, ಇಲ್ಲಿಯ ಪೀಡೆ

ಟೆಕ್ಸಾಸಿನ ಗಿಡಗಳು ಇಷ್ಟು ಒಳ್ಳೆಯವಾದರೆ ಅವುಗಳ ಬೀಜವನ್ನೇ ತರಿಸಿದರಾಗದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಹೊಲದಲ್ಲೇ ಇದೆ. ಕಾಂಗ್ರೆಸ್ ಹುಲ್ಲು ಎಂದು ನಾವು ಶಪಿಸುವ ಪಾರ್ಥೇನಿಯಂ, ಮೆಕ್ಸಿಕೋ ಕೊಲ್ಲಿಯ ಸುತ್ತಿನ ಸೀಮೆಯ ಗಿಡ. ತನ್ನ ನಾಡಿನಲ್ಲಿ ಅದನ್ನು ತಿನ್ನುವ ಕೀಟಗಳಿವೆ. ನಮ್ಮಲ್ಲಿ ಅವು ಇರಲಿಲ್ಲ. ಅದಕ್ಕೇ ಅದು ಹೊಲ, ಹಾದಿ, ಗೋಮಾಳಗಳನ್ನೆಲ್ಲ ಆವರಿಸಿತು. ಕೊನೆಗೆ ಮೆಕ್ಸಿಕೋದಿಂದ ಅದರ ಎಲೆ ತಿನ್ನುವ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಡಬೇಕಾಯಿತು. ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ತರುವ ನಂಜು ಸಹ ಈ ಗಿಡದ ಪರಾಗದ ಮೂಲಕ, ಥ್ರಿಪ್ಸ್ ನುಸಿಯ ನೆರವಿನಿಂದ ಬೆಳೆಗೆ ಹರಡುತ್ತದೆ.

ಒಂದೇ ಗಿಡ ತನ್ನ ನೆಲದಲ್ಲಿ ನೆರೆಯವರೊಡನೆ ಹಂಚಿಕೊಂಡು ಬಾಳುತ್ತದೆ, ಪರನೆಲದಲ್ಲಿ ಪೀಡೆಯಾಗುತ್ತದೆ. ಆದುದರಿಂದ ಆ ತೋಟದಿಂದ ನಾವು ತರಬೇಕಾದದ್ದು ಅಲ್ಲಿಯ ಕ್ರಮವನ್ನು ಮಾತ್ರ. ಗಿಡ ನಮ್ಮದೇ ಇರಲಿ.

ತಾವು ಮಾಡಬಹುದಾದದ್ದು

1. ಬದುವನ್ನೆಲ್ಲ ಒಂದೇ ಸಲ ಸವರಬೇಡಿ, ಬೆಂಕಿ ಇಡಬೇಡಿ. ಅರ್ಧ ಈ ವರ್ಷ, ಉಳಿದರ್ಧ ಮುಂದಿನ ವರ್ಷ ಸವರಿ. ಹುಲ್ಲು ಬೀಜ ಉದುರಿಸಿದ ಮೇಲೆ ಕೊಯ್ಯಿರಿ.

2. ಪಾರ್ಥೇನಿಯಂ ಹೂ ಬಿಡುವ ಮುನ್ನ, ಮಣ್ಣು ಹಸಿ ಇರುವಾಗ ಬೇರುಸಹಿತ ಕೀಳಿ. ಮೈಗೆ ತುರಿಕೆಯಾಗುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳಿ. ಕಿತ್ತ ಜಾಗ ಖಾಲಿ ಬಿಟ್ಟರೆ ಮತ್ತೆ ಅದೇ ಹುಟ್ಟುತ್ತದೆ. ಅಲ್ಲಿ ತಂಗಡಿ ಅಥವಾ ತಗಚೆ ಬೀಜ ಎರಚಿ.

3. ಬದುವಿನ ಮೂಲೆಯಲ್ಲಿ ಹೊಂಗೆ, ಬೇವು ಇರಲಿ. ಹೊಂಗೆಯ ಹೂವಿಗೆ ಜೇನು ಬರುತ್ತದೆ. ಸೂರ್ಯಕಾಂತಿಯ ಕಾಳು ಕಟ್ಟುವುದರಲ್ಲಿ ಜೇನಿನ ಪಾಲು ದೊಡ್ಡದು.

4. ಕಡಲೆ ಬಿತ್ತುವಾಗ ಸ್ವಲ್ಪ ಜೋಳದ ಕಾಳನ್ನು ಬೆರೆಸಿ. ಮೇಲೆದ್ದ ಜೋಳದ ಗಿಡದ ಮೇಲೆ ಕಾಜಾಣ, ಗೊರವಂಕಗಳು ಕುಳಿತು ಕಾಯಿ ಕೊರೆಯುವ ಹುಳುಗಳನ್ನು ಹೆಕ್ಕುತ್ತವೆ. ಇಲ್ಲವೇ ಎಕರೆಗೆ ಎಂಟು-ಹತ್ತು ಕವಲುಕೋಲು ನೆಡಿ. ಕಾಳು ಬಲಿಯುವ ಹೊತ್ತಿಗೆ ಕೋಲುಗಳನ್ನು ಕಿತ್ತುಬಿಡಿ.

5. ಗೂಬೆ ಗೂಡು ಮಾಡುವ ಪೊಟರೆಯ ಮರ ಕಡಿಯಬೇಡಿ. ವಿಷ ತಿಂದು ಸತ್ತ ಇಲಿಗಳನ್ನು ಕೂಡಲೇ ಹೂಳಿ. ಅವನ್ನು ತಿಂದರೆ ಗೂಬೆಯೂ ಸಾಯಬಹುದು.

ಗಿಣಿ, ಗುಬ್ಬಿ ತೆನೆ ತಿನ್ನುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ತೆನೆ ಹಾಲುಗಾಳಾದ ಕೆಲವು ವಾರ ಹಕ್ಕಿ ಕಾಯಲೇಬೇಕು. ಉಳಿದ ತಿಂಗಳುಗಳಲ್ಲಿ ಬಹುಪಾಲು ಹಕ್ಕಿಗಳು ನಮ್ಮ ಪರವಾಗಿಯೇ ದುಡಿಯುತ್ತವೆ. ಕೀಟನಾಶಕದ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ಈ ದುಡಿಮೆಯ ಬೆಲೆಯನ್ನು ನಾವು ಮರೆಯಬಾರದು.

ಇದಕ್ಕಾಗಿ ಬೆಳೆ ಬೆಳೆಯುವ ಒಂದು ಗುಂಟೆ ನೆಲವನ್ನೂ ಬಿಡಬೇಕಾಗಿಲ್ಲ. ಈಗಿರುವ ಬದುವೇ ಸಾಕು. ಈ ಮುಂಗಾರಿನಲ್ಲಿ ತಮ್ಮ ಬದುವಿನ ಒಂದು ಬದಿಯನ್ನು ಹಾಗೆಯೇ ಬಿಟ್ಟು, ಯಾವ ಗಿಡಕ್ಕೆ ಯಾವ ಹಕ್ಕಿ, ಯಾವ ದುಂಬಿ ಬರುತ್ತದೆಂದು ಗಮನಿಸಿರಿ. ಕಂಡದ್ದನ್ನು ವಾಚನಾಲಯದಲ್ಲಿ ನಾಲ್ಕು ಜನರೊಡನೆ ಹಂಚಿಕೊಳ್ಳಿರಿ.