ಸಮ್ಮೇಳನದ ಎಲೆಯಲ್ಲಿ ಕಡಂಬುಟ್ಟು

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಗೆ ಮೂರು ಬಾರಿ ಬಂದಿದೆ. 1932ರಲ್ಲಿ ಡಿ.ವಿ. ಗುಂಡಪ್ಪನವರು, 1981ರಲ್ಲಿ ಶಂ.ಬಾ. ಜೋಶಿಯವರು, 2014ರ ಜನವರಿಯಲ್ಲಿ ನಾ. ಡಿಸೋಜ ಅವರು ಅಧ್ಯಕ್ಷರಾಗಿದ್ದರು. ಮೊದಲನೆಯ ಸಮ್ಮೇಳನದ ಕಾಲಕ್ಕೆ ಕೊಡಗು ಪ್ರತ್ಯೇಕ ಪ್ರಾಂತ್ಯ. ಅದು ಮೈಸೂರು ರಾಜ್ಯದೊಡನೆ ಕೂಡಿದ್ದು 1956ರ ನವೆಂಬರ್ 1ರಂದು. ಜಿಲ್ಲೆಗೆ ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ತಿರುವು ರಸ್ತೆಯಲ್ಲಿ ಬಸವಳಿದು ಬಂದಿಳಿದ ಪ್ರತಿನಿಧಿ ಮೊದಲು ವಿಚಾರಿಸುವುದು ಅಧ್ಯಕ್ಷ ಭಾಷಣದ ವೇಳೆಯನ್ನಲ್ಲ, ಊಟದ ಚಪ್ಪರ ಎಲ್ಲಿದೆ ಎಂಬುದನ್ನು. ಸಮ್ಮೇಳನದ ನಿರ್ಣಯಗಳನ್ನು ಮರುವರ್ಷ ನೆನಪಿಟ್ಟುಕೊಳ್ಳುವವರು ವಿರಳ. ಊಟವನ್ನು ಮರೆಯುವವರು ಇನ್ನೂ ವಿರಳ.

ದೊಡ್ಡ ಸಮ್ಮೇಳನಗಳ ಮಾತು ಹಾಗಿರಲಿ. ತಾಲ್ಲೂಕು, ಹೋಬಳಿ ಮಟ್ಟದ ಸಾಹಿತ್ಯ ಸಮ್ಮೇಳನ, ಬೆಳೆಗಾರರ ಸಭೆ, ಶಿಕ್ಷಕರ ಅಧಿವೇಶನ ಇವೆಲ್ಲ ಸಣ್ಣ ಊರುಗಳಲ್ಲೂ ನಡೆಯುತ್ತವೆ. ವಿರಾಜಪೇಟೆ ತಾಲ್ಲೂಕಿನ ಸಿದ್ದಾಪುರವನ್ನೇ ತೆಗೆದುಕೊಳ್ಳೋಣ. ಕಾವೇರಿಯ ದಡದ ಊರು, ಸುತ್ತ ರೋಬಸ್ಟಾ ಕಾಫಿಯ ತೋಟ. ಸಂತೆಯ ದಿನ ಕಿವಿಗೊಟ್ಟರೆ ಕೊಡವ ತಕ್ಕ್, ಕನ್ನಡ, ಮಲಯಾಳ, ತಮಿಳು, ತುಳು ಎಲ್ಲವೂ ಕೇಳಿಸುತ್ತವೆ. ಇತ್ತೀಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರ ಮಾತೂ ಸೇರಿದೆ. ಇಂಥ ಊರಿಗೆ ಹೊರಗಿನಿಂದ 500 ಮಂದಿ ಅತಿಥಿಗಳು ಬರುತ್ತಾರೆಂದರೆ ಊಟದ ವ್ಯವಸ್ಥೆ ಹೇಗೆ?

ಮೊದಲ ತೊಡಕು ಪಂಚಾಂಗದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಳೆಯಲ್ಲಿ ಚಪ್ಪರ ಹಾಕುವ ಧೈರ್ಯ ಯಾರಿಗೂ ಇಲ್ಲ. ಹೀಗಾಗಿ ಸಮ್ಮೇಳನಗಳೆಲ್ಲ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಬಂದು ನಿಲ್ಲುತ್ತವೆ. ಕಾಫಿ ಕೊಯ್ಲಿನ ಕಾಲವೂ ಅದೇ. 2014ರ ಸಮ್ಮೇಳನ ನಡೆದದ್ದು ಜನವರಿ 7ರಿಂದ 9ರವರೆಗೆ. ಕಣದಲ್ಲಿ ಹಣ್ಣು ಹರಡಿಕೊಂಡು ಮೋಡ ನೋಡುತ್ತ ಕೂತ ಬೆಳೆಗಾರನನ್ನು ಆಹಾರ ಸಮಿತಿಯ ಸಭೆಗೆ ಕರೆತರುವುದು ಸುಲಭವಲ್ಲ; ಕೂಲಿಯಾಳು ಸಿಗುವುದಂತೂ ಇನ್ನೂ ಕಷ್ಟ. ಆದ್ದರಿಂದಲೇ ಸ್ವಾಗತ ಸಮಿತಿಗಳು ಹೊರಗಿನ ಅಡುಗೆ ಗುತ್ತಿಗೆದಾರರಿಗೆ ಹಣ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಇದರ ಪರಿಣಾಮವನ್ನು ಮುಂದೆ ನೋಡೋಣ.

ಎರಡನೆಯದು ನೀರು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಕನ್ನಡಿಗರು ಅದಕ್ಕಾಗಿಯೇ ಒಂದು ದೊಡ್ಡ ಬಾವಿ ತೋಡಿದರು, ಅದಕ್ಕೆ ಪಂಪಾ ಸರೋವರವೆಂದು ಹೆಸರಿಟ್ಟರು. ಟಿಳಕವಾಡಿಯಲ್ಲಿ ಆ ಬಾವಿ ಇಂದಿಗೂ ಇದೆ. ಕುಡಿಯಲು, ಅಕ್ಕಿ ತೊಳೆಯಲು, ಕೈತೊಳೆಯಲು, ಪಾತ್ರೆ ಬೆಳಗಲು ಬೇಕಾದ ನೀರಿನ ಲೆಕ್ಕ ಹಾಕದೆ ಒಲೆ ಹೂಡುವವರು ಮಧ್ಯಾಹ್ನ ಮೂರಕ್ಕೆ ಪೇಚಿಗೆ ಸಿಲುಕುತ್ತಾರೆ. ನದಿ ಪಕ್ಕದಲ್ಲೇ ಇದೆಯೆಂಬ ಭರವಸೆ ಸಾಲದು. ನದಿಯ ನೀರು ತಾನಾಗಿ ನಡೆದು ಅಡುಗೆಮನೆಗೆ ಬರುವುದಿಲ್ಲ.

ಇನ್ನು ಅಳತೆ. ಹಲವು ಬಗೆಯ ಪದಾರ್ಥಗಳಿರುವ ಊಟದಲ್ಲಿ ಕಿಲೋ ಅಕ್ಕಿಗೆ ಎಂಟರಿಂದ ಹತ್ತು ಜನ ಎಂಬುದು ಅಡುಗೆಯವರ ಅಂದಾಜು. 500 ಜನಕ್ಕೆ 50ರಿಂದ 60 ಕಿಲೋ ಸಾಕು. ಅಕ್ಕಿಗಿಂತ ಹೆಚ್ಚು ಸತಾಯಿಸುವುದು ಹೊತ್ತು. ಒಮ್ಮೆಗೆ ನೂರು ಎಲೆ ಹಾಕುವ ಸಭಾಂಗಣವಾದರೆ ಐದು ಪಂಕ್ತಿ. ಬಡಿಸಿ, ಉಂಡು, ಎಲೆ ತೆಗೆದು, ನೆಲ ಒರೆಸಲು ಪಂಕ್ತಿಯೊಂದಕ್ಕೆ ನಲವತ್ತು ನಿಮಿಷ. ಹನ್ನೆರಡೂವರೆಗೆ ಶುರುವಾದರೆ ಕೊನೆಯ ಪಂಕ್ತಿ ಏಳುವಾಗ ನಾಲ್ಕಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಎರಡು ಗಂಟೆಯ ಗೋಷ್ಠಿ ಖಾಲಿ ಕುರ್ಚಿಗಳ ಮುಂದೆ ಮುಗಿದಿರುತ್ತದೆ. ನಿಂತು ಉಣ್ಣುವ ಪದ್ಧತಿ ಬಂದದ್ದು ನಾಗರಿಕತೆಯ ಮೋಹದಿಂದಲ್ಲ, ಈ ಲೆಕ್ಕದಿಂದ. ಆದರೂ ವಯಸ್ಸಾದವರಿಗೆ ಒಂದು ಪಂಕ್ತಿಯನ್ನಾದರೂ ಉಳಿಸಿಕೊಳ್ಳುವುದು ಒಳ್ಳೆಯದು.

ಇವೆಲ್ಲ ಯಾವ ಊರಿನಲ್ಲೂ ಇರುವ ತೊಂದರೆಗಳು. ಕೊಡಗಿನದೇ ಆದ ಪ್ರಶ್ನೆ ಬೇರೆ: ಎಲೆಗೆ ಏನು ಬಡಿಸಬೇಕು?

ಕೊಡವರ ಮನೆಯಲ್ಲಿ ನೆಂಟರಿಗೆ ಇಡುವ ದೊಡ್ಡ ಊಟವೆಂದರೆ ಪಂದಿಕರಿ ಮತ್ತು ಕಡಂಬುಟ್ಟು. ಹುರಿದ ಮಸಾಲೆ, ಕರಿಮೆಣಸು, ಕೊನೆಗೆ ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣಾಗುವ ಪುಳಿಯ ರಸವನ್ನು ಇಳಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿದ್ದೇ ಕಾಚಂಪುಳಿ. ಹಿಂದೆ ಕಾಡುಹಂದಿಯಾಗಿದ್ದುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಸಾಕಿದ ಹಂದಿಯಾಗಿದೆ. ಆದರೆ ಅದೇ ಊರಿನ ಮುಸ್ಲಿಮರಿಗೆ ಹಂದಿ ನಿಷಿದ್ಧ. ಬರುವ ಅತಿಥಿಗಳಲ್ಲಿ ಅನೇಕರು ಸಸ್ಯಾಹಾರಿಗಳು. ಹಾಗಾಗಿ ಸಮ್ಮೇಳನದ ಸಮಿತಿ ಯಾರಿಗೂ ನೋವಾಗದಿರಲೆಂದು ಅನ್ನ, ಸಾರು, ಪಲಾವು, ಕೇಸರಿಬಾತಿಗೆ ಬಂದು ನಿಲ್ಲುತ್ತದೆ. ಗುತ್ತಿಗೆದಾರರಿಗೆ ಬರುವುದೂ ಅದೇ. ಅತಿಥಿ ಕೊಡಗಿಗೆ ಬಂದು ಮೂರು ದಿನವಿದ್ದು, ಕೊಡಗಿನ ಒಂದು ತುತ್ತನ್ನೂ ಕಾಣದೆ ಹೊರಟುಹೋಗುತ್ತಾನೆ.

ಯಾರ ಒಲೆ, ಯಾರ ಪಂಕ್ತಿ ಎಂಬ ಜಗಳ ಹೊಸದಲ್ಲ. 1901ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ತಮಿಳು ಪ್ರತಿನಿಧಿಗಳು ಪರರ ದೃಷ್ಟಿ ಬಿದ್ದರೂ ಮೈಲಿಗೆಯೆಂದು ತಟ್ಟಿ ಕಟ್ಟಿಸಿಕೊಂಡು ಬೇರೆ ಅಡುಗೆಮನೆ ಮಾಡಿದ್ದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬೇಸರದಿಂದ ದಾಖಲಿಸಿದ್ದಾರೆ. ನಮ್ಮ ಕಾಲಕ್ಕೆ ಬಂದರೆ, 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಮ್ಮೇಳನಕ್ಕೆ ಮುನ್ನ ಬಾಡೂಟ ಬೇಕೆಂಬ ಬೇಡಿಕೆ ಎದ್ದು, ಭಾಷಣಗಳಿಗಿಂತ ಅದರ ಚರ್ಚೆಯೇ ದೊಡ್ಡದಾಯಿತು. ಒಂದು ಕಡೆಯವರು ಸಾರ್ವಜನಿಕ ಊಟವೆಂದರೆ ಸಸ್ಯಾಹಾರವೇ ಎಂದರು. ಮತ್ತೊಂದು ಕಡೆಯವರು ನಮ್ಮೂರಿನ ಹಬ್ಬದೂಟ ನಮ್ಮೂರಿನ ಸಮ್ಮೇಳನಕ್ಕೇ ಏಕೆ ಹೊರಗು ಎಂದು ಕೇಳಿದರು. ಎರಡನೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು.

ಇದಕ್ಕೊಂದು ಉತ್ತರ ಕೊಡವ ಮದುವೆಯ ಚಪ್ಪರದಲ್ಲೇ ಇದೆ. ಅಲ್ಲಿ ಸಸ್ಯಾಹಾರಿ ನೆಂಟರಿಗೆ ಬೇರೆ ಒಲೆ, ಬೇರೆ ಸೌಟು, ಬೇರೆ ಸಾಲು ಇರುತ್ತದೆ. ಅದನ್ನು ಯಾರೂ ಮೈಲಿಗೆಯ ಗೋಡೆ ಎಂದುಕೊಳ್ಳುವುದಿಲ್ಲ, ನೆಂಟರ ಅನುಕೂಲ ಎಂದುಕೊಳ್ಳುತ್ತಾರೆ. ಮದುವೆಯ ಮುನ್ನಾದಿನ ಊರು ಕೂಡುತ್ತದೆ. ಚಪ್ಪರ, ಸೌದೆ, ತರಕಾರಿ, ಮಾಂಸ ಎಲ್ಲಕ್ಕೂ ಕೈ ಹಚ್ಚುವವರು ನೆರೆಯವರೇ. ಮನೆಯವರ ಪರವಾಗಿ ನಿಂತು ಎಲ್ಲವನ್ನೂ ನಡೆಸಿಕೊಡುವ ‘ಅರುವ’ ಎಂಬ ಹೊಣೆಗಾರ ಬೇರೊಂದು ಮನೆತನದವನು. ಮನೆಯವನು ನೆಂಟರನ್ನು ಮಾತನಾಡಿಸಲು ಬಿಡುವಾಗಿರಬೇಕು, ಲೆಕ್ಕಾಚಾರ ಇನ್ನೊಬ್ಬರ ತಲೆಯ ಮೇಲಿರಬೇಕು. ನಮ್ಮ ಸ್ವಾಗತ ಸಮಿತಿಗಳಲ್ಲಿ ಅಧ್ಯಕ್ಷರೇ ಮಾಲೆ ಹಾಕಿಕೊಂಡು ವೇದಿಕೆಯಲ್ಲೂ ಇರುತ್ತಾರೆ, ಸಾರು ಸಾಲದೆಂಬ ದೂರು ಬಂದಾಗ ಅಡುಗೆಮನೆಗೂ ಓಡುತ್ತಾರೆ. ಆಹಾರ ಸಮಿತಿಗೊಬ್ಬ ಅರುವನಿದ್ದರೆ ಅರ್ಧ ಗೊಂದಲ ತಪ್ಪೀತು.

ಮಾಂಸದ ಸಾಲಿಗೆ ಊರು ಒಪ್ಪದಿದ್ದರೆ? ಆಗಲೂ ಕೇಸರಿಬಾತೇ ಗತಿಯೆಂದೇನಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿಕರಿ ಬೇಯಿಸುವ ಮನೆಗಳೇ ಕಾವೇರಿ ಸಂಕ್ರಮಣದಂದು ಮಾಂಸ ಮುಟ್ಟದೆ ದೋಸೆ, ಕುಂಬಳಕಾಯಿಯ ಪಲ್ಯ ಮಾಡುತ್ತವೆ. ಹಾಲು, ತೆಂಗಿನಕಾಯಿ ಹಾಕಿದ ಪಾಪುಟ್ಟು ಇದೆ, ಒತ್ತಿ ತೆಗೆದ ನೂಪುಟ್ಟು ಇದೆ, ಕಣಿಲೆಯ ಕರಿ ಇದೆ, ಪುತ್ತರಿಯ ತಂಬುಟ್ಟು ಇದೆ. ಕಣಿಲೆ, ಅಣಬೆ ಮಳೆಗಾಲದವು, ನಿಜ. ಪುಟ್ಟುಗಳಿಗೆ ಕಾಲದ ಹಂಗಿಲ್ಲ.

ಪುಟ್ಟುಗಳಿಗೆ ಬೇಕಾದದ್ದು ಕೈ. ಗುತ್ತಿಗೆದಾರರು ಕಡಂಬುಟ್ಟನ್ನು ಒಲ್ಲದಿರುವುದು ರುಚಿಯ ಕಾರಣದಿಂದಲ್ಲ. ಅಕ್ಕಿಯ ತರಿಯನ್ನು ಕುದಿನೀರಿಗೆ ಹಾಕಿ ಬೇಯಿಸಿ, ಬಿಸಿ ಆರುವ ಮೊದಲೇ ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಡಬೇಕು. ತಣ್ಣಗಾದರೆ ಉಂಡೆ ಒಡೆಯುತ್ತದೆ. ತಲೆಗೆ ಮೂರರಂತೆ 500 ಜನಕ್ಕೆ 1500 ಉಂಡೆ. ಒಬ್ಬರು ನಿಮಿಷಕ್ಕೆ ನಾಲ್ಕು ಕಟ್ಟಿದರೂ ಆರು ಗಂಟೆಗೆ ಮೀರಿದ ಕೆಲಸ, ಅಷ್ಟರಲ್ಲಿ ಹಿಟ್ಟು ಕಲ್ಲಾಗಿರುತ್ತದೆ. ಹತ್ತು ಜನ ಸುತ್ತ ಕೂತರೆ ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ಅಕ್ಕಿ ಒಟ್ಟಿಯನ್ನಂತೂ ಒಂದೊಂದಾಗಿ ಲಟ್ಟಿಸಿ ಸುಡಬೇಕಾದ್ದರಿಂದ ಇಷ್ಟು ಜನಕ್ಕೆ ಅದರ ಯೋಚನೆಯೇ ಬೇಡ. ಹಬೆಯ ಪುಟ್ಟುಗಳೇ ವಾಸಿ.

ಹತ್ತು ಜೊತೆ ಕೈ ಸಿದ್ದಾಪುರದಲ್ಲಿ ಸಿಗದೆಂದು ಹೇಳುವಂತಿಲ್ಲ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ಆಚೆ ದಡದ ನೆಲ್ಲಿಹುದಿಕೇರಿಯ ಮನೆಗಳಿಗೆ ನುಗ್ಗಿದಾಗ ಪರಿಹಾರ ಕೇಂದ್ರಗಳಲ್ಲಿ ದಿನವೂ ನೂರಾರು ಜನಕ್ಕೆ ಅಡುಗೆಯಾಗಬೇಕಾಯಿತು. ಸಮ್ಮೇಳನಕ್ಕೆ ಬೇಕಾದದ್ದು ಅದಕ್ಕಿಂತ ಕಡಿಮೆ ಕೆಲಸ: ಮುನ್ನಾದಿನ ಸಂಜೆ ಕಣದ ಕಾಫಿಯನ್ನು ರಾಶಿ ಮಾಡಿ ಮುಚ್ಚಿದ ಮೇಲೆ ತರಿ ಒಡೆದಿಟ್ಟುಕೊಂಡರೆ, ಮರುದಿನ ಹನ್ನೊಂದು ಗಂಟೆಗೆ ನೀರು ಕುದಿಯಲಿಟ್ಟರೂ ಮೊದಲ ಪಂಕ್ತಿಯ ಹೊತ್ತಿಗೆ ಕಡಂಬುಟ್ಟು ಬಿಸಿಯಾಗಿಯೇ ಎಲೆಗೆ ಬರುತ್ತದೆ.